ರಾತ್ರಿ ಬರೆದ ಹಾಜರಿ

"ಟಕ್ ಅಂತ ಒಂದು ಸದ್ದು. ಅಷ್ಟೇ," ಎಂದು ಮನೆ ಒಡತಿ ಬೆಳಗಿನಿಂದ ಐದನೆಯ ಸಲ ಹೇಳುತ್ತಿದ್ದಾಗ ಚಿಕ್ಕ ಮಿಸ್ಸು ಕಬ್ಬಿಣದ ಬೀರುವಿನೊಳಗೆ ತಲೆ ತೂರಿಸಿ, ಸತ್ತವರಿಗೆ ಹಾಕಲು ಒಂದು ಒಳ್ಳೆಯ ಬಟ್ಟೆ ಹುಡುಕುತ್ತಿದ್ದಳು. "ರಾತ್ರಿ ಹನ್ನೊಂದೂವರೆ ಇರಬೇಕು. ಪೆನ್ನು ಬಿದ್ದ ಹಾಗೆ. ಪೆನ್ನು ಬಿದ್ರೆ ಯಾರಾದ್ರೂ ಮೆಟ್ಟಿಲು ಹತ್ತಿ ಬಂದು ನೋಡ್ತಾರಾ, ನೀವೇ ಹೇಳಿ."

"ಯಾರೂ ನೋಡಲ್ಲ ಬಿಡಿ."

"ಕುರ್ಚಿ ಬಿದ್ದಿದ್ರೆ ಬರ್ತಿದ್ದೆ. ಪಾತ್ರೆ ಬಿದ್ದಿದ್ರೂ ಬರ್ತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಈ ಕೋಣೆಯಿಂದ ಒಂದು ಪಾತ್ರೆ ಬಿದ್ದ ಸದ್ದು ಕೇಳಿಲ್ಲ ನಾನು. ಬೆಕ್ಕಾದ್ರೂ ಇವರಿಗಿಂತ ಜಾಸ್ತಿ ಸದ್ದು ಮಾಡುತ್ತೆ."

ಬೀರುವಿನಲ್ಲಿ ಹುಡುಕುವುದಕ್ಕೆ ಹೆಚ್ಚೇನೂ ಇರಲಿಲ್ಲ. ಕೆಲಸಕ್ಕೆ ಹಾಕುವ ನಾಲ್ಕು ಜೊತೆ ಬಟ್ಟೆ, ಮೊಣಕೈ ಹತ್ತಿರ ಹಿಗ್ಗಿದ ಒಂದು ಬೂದು ಸ್ವೆಟರು, ಹಿಮ್ಮಡಿ ಒಂದೇ ಕಡೆಗೆ ಸವೆದ ಎರಡು ಜೊತೆ ಚಪ್ಪಲಿ. ಕೆಳಗಿನ ಅರೆಯ ಮೂಲೆಯಲ್ಲಿ ಒಂದು ಗಾಜಿನ ಜಾಡಿ, ಅದರ ತುಂಬ ಅಂಗಿಯ ಗುಂಡಿಗಳು. ಚಿಕ್ಕ ಮಿಸ್ಸು ಜಾಡಿಯನ್ನು ಬೆಳಕಿಗೆ ಹಿಡಿದಳು. ಕೆಂಪು, ಹಸಿರು, ಮರದ್ದು, ಚಿಪ್ಪಿನದ್ದು. ಒಂದರ ಹಾಗೆ ಇನ್ನೊಂದಿರಲಿಲ್ಲ. ಹೊಲಿಗೆ ಬಾರದ ಹೆಂಗಸು, ಜೊತೆಯಿಲ್ಲದ ಇಷ್ಟೊಂದು ಗುಂಡಿಗಳನ್ನು ಏಕೆ ಕೂಡಿಟ್ಟರೋ.

ಸತ್ತವರನ್ನು ಮಕ್ಕಳೆಲ್ಲ ದೊಡ್ಡ ಮಿಸ್ಸು ಎನ್ನುತ್ತಿದ್ದರು. ನೀರಿನ ಟ್ಯಾಂಕಿನ ಕೆಳಗಿನ ಬೀದಿಯಲ್ಲಿ, ಹಿಂದೆ ಗೋದಾಮಾಗಿದ್ದ ಎರಡು ಕೋಣೆಗಳಲ್ಲಿ ಅವರು ಹತ್ತೊಂಬತ್ತು ವರ್ಷದಿಂದ 'ಸಂಜೆ ಕೋಣೆ' ನಡೆಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾಲ್ಕರಿಂದ ಆರರವರೆಗೆ ಅಲ್ಲಿ ಮೂವತ್ತೊಂದು ಮಕ್ಕಳು ಕೂರುತ್ತಿದ್ದರು. ಕೆಲವರ ತಂದೆತಾಯಿ ರಾತ್ರಿಪಾಳಿಯವರು, ಕೆಲವರ ತಂದೆ ಜೈಲಿನಲ್ಲಿ. ಮೂರು ನಾಲ್ಕು ಜನ ದೊಡ್ಡ ಮಕ್ಕಳನ್ನು ನ್ಯಾಯಾಲಯವೇ ಕಳಿಸಿತ್ತು, ಬೀದಿಯಲ್ಲಿರುವುದಕ್ಕಿಂತ ಇಲ್ಲಿರಲಿ ಎಂದು. ಚಿಕ್ಕವರನ್ನು ಮುಂದಿನ ಕೋಣೆಯಲ್ಲಿ ನೋಡಿಕೊಳ್ಳುತ್ತಿದ್ದವಳು ಚಿಕ್ಕ ಮಿಸ್ಸು. ದೊಡ್ಡವರು ಹಿಂದಿನ ಕೋಣೆಯಲ್ಲಿ, ದೊಡ್ಡ ಮಿಸ್ಸಿನ ಬಳಿ. ಎಂಟು ವರ್ಷ ಇಬ್ಬರೂ ಒಂದೇ ಬಾಗಿಲಿಗೆ ಬೀಗ ಹಾಕಿ, ಟ್ಯಾಂಕಿನ ಹತ್ತಿರ ಬೇರೆ ಬೇರೆ ದಿಕ್ಕಿಗೆ ಹೋಗಿದ್ದರು.

"ಸಿಕ್ತಾ ಮೇಡಂ?" ದೊಡ್ಡ ಮಿಸ್ಸಿನ ತಮ್ಮ ಬಾಗಿಲಲ್ಲಿ ನಿಂತು ಕೇಳಿದ. ಬೆಳಿಗ್ಗೆ ಸುದ್ದಿ ಕೇಳಿದೊಡನೆ ಬೇರೆ ಊರಿನಿಂದ ಹೊರಟು ಬಂದವನು, ಕಣ್ಣು ಕೆಂಪಾಗಿತ್ತು. "ಗಾಡಿ ಎರಡೂವರೆಗೆ ಬರುತ್ತೆ. ಚಿತಾಗಾರದಲ್ಲಿ ನಾಲ್ಕಕ್ಕೆ ನಮ್ಮ ಸರದಿ. ತಡ ಆದ್ರೆ ಮುಂದಿನವರು ಬಂದುಬಿಡ್ತಾರೆ."

"ಈ ನೀಲಿ ಇದೆ. ಕಾಲರು ಸ್ವಲ್ಪ ಸವೆದಿದೆ."

"ಇರಲಿ. ಮೇಲೆ ಹೂವು ಹಾಕ್ತೀವಲ್ಲ." ಅವನು ಕೋಣೆಯ ಸುತ್ತ ನೋಡಿದ. ಒಂದು ಮಂಚ, ಒಂದು ಕುರ್ಚಿ, ಒಂದು ಲೋಟ. "ನನ್ನ ಮನೆಗೆ ಬಂದಿರು ಅಂತ ಎಷ್ಟು ಸಲ ಕರೆದೆ. ಸಂಜೆ ಕೆಲಸ ಇದೆ ಅನ್ನೋಳು. ಭಾನುವಾರ ಬಾ ಅಂದ್ರೆ ಭಾನುವಾರಾನೂ ಸಂಜೆ ಆಗುತ್ತಲ್ಲ ಅನ್ನೋಳು. ಕಂಡವರ ಮಕ್ಕಳ ಹಿಂದೆ ಅಲೆದು ಜೀವ ತೇದಳು."

ಕಿಟಕಿಯ ಪಕ್ಕದ ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದೇ ಇತ್ತು. ಅದರ ಮೇಲೆ ಕೆನ್ನೆಯಿಟ್ಟು ಮಲಗಿದ ಹಾಗೆ ದೊಡ್ಡ ಮಿಸ್ಸು ಬೆಳಿಗ್ಗೆ ಸಿಕ್ಕಿದ್ದರು.

"ಇದು ನಿಮ್ಮದಿರಬೇಕು. ತಗೊಂಡು ಹೋಗಿ," ಎಂದ ತಮ್ಮ. ಆಮೇಲೆ ದನಿ ತಗ್ಗಿಸಿ, "ಮೇಡಂ, ಆ ಮಕ್ಕಳೆಲ್ಲ ಬರ್ತಾರಾ?"

"ಹೇಳಿದ್ರೆ ಬರ್ತಾರೆ."

"ಹೇಳಬೇಡಿ. ತಪ್ಪು ತಿಳ್ಕೋಬೇಡಿ. ನನ್ನ ಹೆಂಡತಿ ಕಡೆಯವರು ಬರ್ತಿದ್ದಾರೆ. ಕೋರ್ಟು ಕೇಸಿನ ಹುಡುಗರು ಸಾಲಾಗಿ ಬಂದು ನಿಂತ್ರೆ ಚೆನ್ನಾಗಿರಲ್ಲ."

ಅವಳು ತಲೆಯಾಡಿಸಿದಳು. ಯಾರಾದರೂ ಗಟ್ಟಿಯಾಗಿ ಹೇಳಿದರೆ ತಲೆಯಾಡಿಸಿಬಿಡುವುದು ಅವಳಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಮಧ್ಯಾಹ್ನ ಹೋಗಿ ಸಂಜೆ ಕೋಣೆಯ ಬಾಗಿಲಿಗೆ 'ಇಂದು ರಜೆ' ಎಂಬ ಚೀಟಿ ಅಂಟಿಸಿ ಬಂದಳು. ಕಾರಣ ಬರೆಯಲಿಲ್ಲ.

ಹೊರಡುವ ಮುಂಚೆ ಪುಸ್ತಕವನ್ನು ಚೀಲಕ್ಕೆ ಹಾಕುವಾಗ ನಿನ್ನೆಯ ಅಂಕಣ ಕಣ್ಣಿಗೆ ಬಿತ್ತು. ಮೂವತ್ತೊಂದು ಹೆಸರು, ಮೂವತ್ತೊಂದು ಸರಿ ಗುರುತು, ಎಲ್ಲವೂ ಕಡು ನೀಲಿ ಶಾಯಿಯಲ್ಲಿ. ಹದಿನೇಳನೆಯ ಸಾಲಿನಲ್ಲಿ 'ಸಿಳ್ಳೆ' ಎಂದು ಎಲ್ಲರೂ ಕರೆಯುವ ಹುಡುಗಿಯ ಹೆಸರಿತ್ತು. ಅದರ ಮುಂದೆಯೂ ಗುರುತಿತ್ತು. ನಿನ್ನೆ ಸಿಳ್ಳೆ ಕೋಣೆಗೆ ಬಂದಿರಲಿಲ್ಲ. ಮೊನ್ನೆಯೂ ಬಂದಿರಲಿಲ್ಲ.

*

ಎಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ ದೊಡ್ಡ ಮಿಸ್ಸು ಅವಳ ಕೈಗೆ ಒಂದು ಮೋಟು ಪೆನ್ಸಿಲ್ ಕೊಟ್ಟಿದ್ದರು.

"ನಾಲ್ಕೂಕಾಲಿಗೆ ಹೆಸರು ಕೂಗು. ಬಂದವರ ಮುಂದೆ ಒಂದು ಚುಕ್ಕಿ ಇಡು. ಬರದವರ ಮುಂದೆ ಏನೂ ಬರೀಬೇಡ. ಗೈರು ಅಂತಂತೂ ಯಾವತ್ತೂ ಬರೀಬೇಡ."

"ಶಾಯೀಲಿ ಯಾವಾಗ ಬರೀಬೇಕು ಮಿಸ್ಸು?"

"ಶಾಯಿ ನನಗೆ ಬಿಡು. ನಾನು ಮನೆಗೆ ತಗೊಂಡು ಹೋಗಿ ರಾತ್ರಿ ತುಂಬ್ತೀನಿ."

"ಯಾಕೆ ರಾತ್ರಿ?"

"ದಿನ ಮುಗಿದಿರುತ್ತಲ್ಲ," ಎಂದಿದ್ದರು ದೊಡ್ಡ ಮಿಸ್ಸು, ಅದೇ ಉತ್ತರ ಎಂಬಂತೆ.

ಹೆಚ್ಚು ಮಾತಿನವರಲ್ಲ. ಹಿಂದಿನ ಕೋಣೆಯಲ್ಲಿ ಹದಿನೈದು ಹದಿನಾರರ ಹುಡುಗರು ಮೇಜು ಗುದ್ದಿ ಜಗಳವಾಡುವಾಗಲೂ ಅವರ ದನಿ ಏರುತ್ತಿರಲಿಲ್ಲ. ಎದ್ದು ಹೋಗಿ ಇಬ್ಬರ ನಡುವೆ ಒಂದು ಕುರ್ಚಿ ಹಾಕಿಕೊಂಡು ಕೂತು, ತಮ್ಮ ಪಾಡಿಗೆ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಸಿಟ್ಟಿನ ಹುಡುಗರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣದಾಗಿ, ಜಗಳ ತಾನಾಗಿ ಆರುತ್ತಿತ್ತು.

ಸಿಳ್ಳೆ ಬಂದದ್ದು ಆರು ತಿಂಗಳ ಹಿಂದೆ. ಹದಿನೈದರ ಹುಡುಗಿ, ಮೊಬೈಲು ಕದಿಯುವ ಗುಂಪಿನೊಂದಿಗೆ ಸಿಕ್ಕಿಬಿದ್ದವಳು. ಅಜ್ಜಿಯ ಜೊತೆಗೇ ಇರಲಿ, ಆದರೆ ಆರು ತಿಂಗಳು ದಿನವೂ ನಾಲ್ಕರಿಂದ ಆರು ಸಂಜೆ ಕೋಣೆಯಲ್ಲಿರಬೇಕು ಎಂದು ನ್ಯಾಯಾಧೀಶರು ಬರೆದಿದ್ದರು. ತಪ್ಪಿದರೆ ದೂರದ ಬಾಲಕಿಯರ ಆಶ್ರಯಕ್ಕೆ ಕಳಿಸುವುದು, ಹದಿನೆಂಟು ತುಂಬುವವರೆಗೆ. ಮೊದಲ ನಾಲ್ಕು ತಿಂಗಳು ಅವಳು ಬಂದಳು. ಬಾಗಿಲಿಗೆ ಬರುವ ಮುಂಚೆಯೇ ಅವಳ ಸಿಳ್ಳೆ ಬರುತ್ತಿತ್ತು. ಆಮೇಲೆ ಒಂದು ದಿನ ಸಿಳ್ಳೆ ನಿಂತಿತು. ಚಿಕ್ಕ ಮಿಸ್ಸು ಮುಂದಿನ ಕೋಣೆಯಲ್ಲಿದ್ದರೂ ಇಂಥದ್ದೆಲ್ಲ ಅವಳ ಕಿವಿಗೆ ತಪ್ಪುವುದಿಲ್ಲ. ತಿಂಗಳಿಗೂ ಹೆಚ್ಚು ನೋಡಿ, ಒಂದು ಸಂಜೆ ಹಾಜರಿ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದಳು. ಹದಿನೇಳನೆಯ ಸಾಲಿನಲ್ಲಿ ಒಂದು ದಿನವೂ ಬಿಟ್ಟಿರಲಿಲ್ಲ. ಅವಳು ಪುಟವನ್ನು ಓರೆಯಾಗಿ ಬೆಳಕಿಗೆ ಹಿಡಿದಳು. ಬೇರೆ ಗುರುತುಗಳ ಅಡಿಯಲ್ಲಿ ಪೆನ್ಸಿಲ್ ಚುಕ್ಕಿಯ ಹೊಳಪು ಕಾಣುತ್ತಿತ್ತು. ಸಿಳ್ಳೆಯ ಗುರುತುಗಳಡಿ ಏನೂ ಇರಲಿಲ್ಲ.

ಅವಳು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಸುಳ್ಳು ಹಾಜರಿ ಎಂದಾದರೂ ಹೊರಬಿದ್ದರೆ ಕೋಣೆಗೇ ಬೀಗ. ಮೂವತ್ತೊಂದು ಮಕ್ಕಳೂ ಬೀದಿಗೆ. ದೊಡ್ಡ ಮಿಸ್ಸನ್ನೇ ಕೇಳಬಹುದಿತ್ತು. ಆದರೆ ದೊಡ್ಡವರನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳುವ ಎದೆ ಅವಳಿಗಿರಲಿಲ್ಲ. ಮೂರನೆಯ ದಿನ, 'ಸಂಜೆ ಕೋಣೆ'ಯ ಮೇಲ್ವಿಚಾರಣೆ ನೋಡುವ ಆಫೀಸಿಗೆ ಫೋನು ಮಾಡಿದಳು.

"ಯಾರದ್ದೂ ಅಂತಲ್ಲ ಮೇಡಂ, ಸುಮ್ಮನೆ ತಿಳ್ಕೊಳ್ಳೋಕೆ ಕೇಳ್ತಿದೀನಿ. ಬರದೆ ಇರೋ ಮಗುವಿಗೆ ಹಾಜರಿ ಹಾಕಿದ್ರೆ ಏನಾಗುತ್ತೆ?"

ಆ ಕಡೆ ಆಫೀಸರಮ್ಮ, "ಸುಮ್ಮನೆ ತಿಳ್ಕೊಳ್ಳೋಕಾ?" ಎಂದಿದ್ದಳು.

*

ಚಿತಾಗಾರದ ಪಕ್ಕದ ಹಾಲಿನಲ್ಲಿ ತಮ್ಮ ನಲವತ್ತು ಕುರ್ಚಿ ಹಾಕಿಸಿದ್ದ. ಹನ್ನೊಂದು ಜನ ಬಂದಿದ್ದರು. ಹನ್ನೊಂದು ಜನವೂ ಗುಂಪಾಗಿ ಕೂತಿದ್ದರೆ ಅಷ್ಟು ಖಾಲಿ ಎನಿಸುತ್ತಿರಲಿಲ್ಲ. ಆದರೆ ಯಾರಿಗೂ ಯಾರ ಪರಿಚಯವೂ ಇರಲಿಲ್ಲವಾಗಿ, ನಡುವೆ ಎರಡು ಮೂರು ಕುರ್ಚಿ ಬಿಟ್ಟು ಬಿಟ್ಟು ಕೂತಿದ್ದರು. ಬಸ್ಸಿನಲ್ಲಿ ಕೂತ ಹಾಗೆ. ಮುಂದೆ ನೀಲಿ ಬಟ್ಟೆಯಲ್ಲಿ ದೊಡ್ಡ ಮಿಸ್ಸು. ಸವೆದ ಕಾಲರನ್ನು ಹೂವು ಪೂರ್ತಿ ಮುಚ್ಚಿರಲಿಲ್ಲ.

ಚಿಕ್ಕ ಮಿಸ್ಸಿನ ಪಕ್ಕ ಒಂದು ಕುರ್ಚಿ ಬಿಟ್ಟು ದಪ್ಪನೆಯ ಹೆಂಗಸೊಬ್ಬಳು ಕೂತಿದ್ದಳು. ನೂಲು, ಸೂಜಿ, ಗುಂಡಿ ಮಾರುವ ಅಂಗಡಿಯವಳು.

"ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದಳು.

"ಜೊತೇಲಿ ಕೆಲಸ ಮಾಡ್ತಿದ್ದೆ."

"ಹಾಗಾದ್ರೆ ನಿಮಗೆ ಗೊತ್ತಿರುತ್ತೆ. ಇವರಿಗೆ ಅಷ್ಟು ಗುಂಡಿ ಯಾಕೆ ಬೇಕಿತ್ತು?"

ಚಿಕ್ಕ ಮಿಸ್ಸು ತಿರುಗಿ ನೋಡಿದಳು.

"ಮೂರು ನಾಲ್ಕು ವರ್ಷದಿಂದ ಬರ್ತಿದ್ರು. ಒಂದು ಗುಂಡಿ ಕೊಡಿ ಅನ್ನೋರು. ಒಂದೇ ಒಂದು. ಎರಡು ತಗೊಳ್ಳಿ, ಜೊತೆಗಿರಲಿ ಅಂದ್ರೆ ಬೇಡ. ಅದೂ ಸುಮ್ಮನೆ ತಗೊಂಡು ಹೋಗ್ತಾರಾ? ಒಂದೊಂದು ದಿನ ಎರಡು ನಿಮಿಷದಲ್ಲಿ ಹೋಗೋರು. ಒಂದೊಂದು ದಿನ ಹತ್ತು ಡಬ್ಬಿ ಕೆಳಗಿಳಿಸಿ, ಇದಲ್ಲ, ಅದಲ್ಲ ಅಂತ ಅರ್ಧ ಗಂಟೆ. ಕಣ್ಣು ಮಾತ್ರ ಗುಂಡಿ ಮೇಲಿಲ್ಲ. ಹೊರಗೆ, ಮೆಟ್ಟಿಲ ಕಡೆ."

"ಯಾವ ಮೆಟ್ಟಿಲು?"

"ನನ್ನ ಅಂಗಡಿ ಮೇಲೆ ಒಂದು ಮನೆ ಇದೆಯಲ್ಲ. ಅಲ್ಲಿ ಇಬ್ಬರು ಹುಡುಗರು, ಅಣ್ಣ ತಮ್ಮ. ಅವರಪ್ಪ ಕುಡಿದ್ರೆ ಮನುಷ್ಯನಲ್ಲ. ಆ ಹುಡುಗರು ಕೆಳಗಿಳಿದು ನಲ್ಲಿ ಹತ್ತಿರ ಬಂದ್ರೆ ಇವರಿಗೆ ಗುಂಡಿ ಸಿಕ್ಕಿಬಿಡೋದು. ಅವರು ಇಳಿದು ಬರದೆ ಇದ್ರೆ ಯಾವ ಗುಂಡೀನೂ ಸರಿ ಹೋಗ್ತಿರಲಿಲ್ಲ. ನನಗೇನು, ನಾನು ಡಬ್ಬಿ ಇಳಿಸ್ತಿದ್ದೆ." ಅವಳು ತನ್ನ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. "ಒಂದು ದಿನ ಹುಡುಗರು ಇಳಿದು ಬರಲೇ ಇಲ್ಲ. ಇವರೇ ಮೇಲೆ ಹತ್ತಿ ಹೋದ್ರು. ಆವತ್ತು ಆಂಬುಲೆನ್ಸು ಬಂತು. ಇವರು ಹತ್ತದೆ ಇದ್ದಿದ್ರೆ ಚಿಕ್ಕವನು ಉಳೀತಿರಲಿಲ್ಲ."

ಆ ಅಣ್ಣತಮ್ಮಂದಿರು ಚಿಕ್ಕ ಮಿಸ್ಸಿಗೆ ಗೊತ್ತು. ವಾರದಲ್ಲಿ ಎರಡು ದಿನ ಬಂದರೆ ಹೆಚ್ಚು. ಅವರ ಸಾಲಿನಲ್ಲೂ ಶಾಯಿಯ ಗುರುತು ದಿನವೂ ಬೀಳುತ್ತಿತ್ತು. ಚಿಕ್ಕವನು ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನವೂ ಬಿದ್ದಿತ್ತು. ಬಿದ್ದದ್ದು ಮರೆವಿನಿಂದ ಎಂದು ಅವಳು ಆಗ ಅಂದುಕೊಂಡಿದ್ದಳು. ಆ ಹನ್ನೆರಡು ದಿನ ದೊಡ್ಡ ಮಿಸ್ಸು ಬೀಗ ಹಾಕಿ ಆಸ್ಪತ್ರೆಯ ಬಸ್ಸು ಹತ್ತುತ್ತಿದ್ದುದು ನೆನಪಾಯಿತು.

ಚೀಲದಲ್ಲಿದ್ದ ಪುಸ್ತಕ ಮಡಿಲ ಮೇಲೆ ಒಮ್ಮೆಲೇ ಭಾರವೆನಿಸಿತು. ಬಂದವರ ಮುಂದೆ ಪೆನ್ಸಿಲ್. ಶಾಯಿ ಯಾರ ಮುಂದೆ?

ಹಿಂದಿನ ಸಾಲಿನಿಂದ ಗಂಡಸೊಬ್ಬ ಮುಂದಕ್ಕೆ ಬಾಗಿದ. ಅರವತ್ತರ ಆಸುಪಾಸು, ಬಿಳಿಯ ಅಂಗಿಯ ತೋಳಿನ ಇಸ್ತ್ರಿ ಗೆರೆಗೆ ಬೆರಳು ತಾಗಿದರೆ ಕುಯ್ಯುವಂತಿತ್ತು. "ಕ್ಷಮಿಸಿ, ಕಿವಿಗೆ ಬಿತ್ತು," ಎಂದ. "ನನ್ನದು ಲಾಂಡ್ರಿ. ಆಸ್ಪತ್ರೆ, ಹೋಟೆಲು ಹಾಸಿಗೆ ಬಟ್ಟೆ ಒಗೆದು ಕೊಡೋದು. ಅವರು ನನ್ನ ಅಂಗಡಿ ಹತ್ತಿರಾನೂ ಬರ್ತಿದ್ರು. ಆದ್ರೆ ಏನೂ ತಗೋತಿರಲಿಲ್ಲ."

"ಲಾಂಡ್ರೀಲಿ ತಗೊಳ್ಳೋಕೆ ಏನಿರುತ್ತೆ?" ಎಂದಳು ಗುಂಡಿ ಅಂಗಡಿಯವಳು.

"ಅಲ್ಲ, ಕೊಡ್ತಾನೂ ಇರಲಿಲ್ಲ. ಎರಡು ತಿಂಗಳಿಂದ ದಿನಾ ಸಂಜೆ ಏಳಕ್ಕೆ ಕಿಟಕಿ ಹತ್ತಿರ ಬಂದು ನಿಲ್ಲೋರು. ಒಳಗೆ ಬನ್ನಿ ಅಂದ್ರೆ ಬೇಡ ಅಂತ ಕೈ ಆಡಿಸೋರು. ಒಂದು ನಿಮಿಷ, ಎರಡು ನಿಮಿಷ. ನಾನೂ ಒಬ್ಬನೇ ಇರೋನು. ಮೊದಲು ಏನೋ ಅನ್ನಿಸಿತು. ಆಮೇಲೆ ಏಳು ಗಂಟೆ ಆದ್ರೆ ನಾನೇ ಗಡಿಯಾರ ನೋಡೋಕೆ ಶುರು ಮಾಡಿದೆ." ಅವನು ಅಂಗಿಯ ತೋಳು ನೀವಿಕೊಂಡ. "ಮಾತು ಅಂತ ಆಡಿದ್ದಿಲ್ಲ. ಆದ್ರೂ ಬರಬೇಕು ಅನ್ನಿಸಿತು. ಅಂಗಡೀನ ಕೆಲಸದವಳಿಗೂ ಆ ಹೊಸ ಹುಡುಗಿಗೂ ಬಿಟ್ಟು ಬಂದೆ."

"ಹೊಸ ಹುಡುಗಿನಾ?" ಚಿಕ್ಕ ಮಿಸ್ಸು ಪೂರ್ತಿ ಹಿಂದಕ್ಕೆ ತಿರುಗಿದಳು.

"ನಾಲ್ಕರಿಂದ ಎಂಟು ಬರ್ತಾಳೆ, ಮಡಚೋ ಕೆಲಸಕ್ಕೆ. ಅಜ್ಜಿ ಹಾಸಿಗೆ ಹಿಡಿದಿದಾಳಂತೆ, ಬೇರೆ ಯಾರೂ ಇಲ್ಲವಂತೆ. ಇವತ್ತು ಬೇಗ ಬಂದು ತಾನೂ ಬರ್ತೀನಿ ಅಂದಳು. ನಾವಿಬ್ಬರೂ ಬಂದ್ರೆ ಉಳಿದವಳೊಬ್ಬಳೇ ಆಸ್ಪತ್ರೆ ಬಟ್ಟೆ ಹೇಗೆ ಮುಗಿಸ್ತಾಳೆ ಅಂದೆ. ಕೆಲಸಗಾತಿ, ಅದು ನಿಜ. ಆದ್ರೆ ಸಿಳ್ಳೆ, ಸಿಳ್ಳೆ, ಇರೋಷ್ಟು ಹೊತ್ತೂ ಸಿಳ್ಳೆ. ಇಸ್ತ್ರಿ ಯಂತ್ರ ಹಬೆ ಬಿಡ್ತಿದೆಯೋ ಇವಳು ಬಿಡ್ತಿದ್ದಾಳೋ ಗೊತ್ತಾಗಲ್ಲ."

ಗುಂಡಿ ಅಂಗಡಿಯವಳು ನಕ್ಕು, ಎದುರಿಗೆ ಹೆಣವಿರುವುದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

*

ಮೊನ್ನೆ, ಕೊನೆಯ ಸಂಜೆಯಲ್ಲ, ಅದರ ಹಿಂದಿನ ಸಂಜೆ, ಬೀಗ ಹಾಕಿ ಟ್ಯಾಂಕಿನ ಹತ್ತಿರ ಬಂದಾಗ ದೊಡ್ಡ ಮಿಸ್ಸು ನಿಂತಿದ್ದರು. ಎಂಟು ವರ್ಷದಲ್ಲಿ ಅಲ್ಲಿ ಅವರು ನಿಂತದ್ದೇ ಇಲ್ಲ.

"ಇವತ್ತು ನನ್ನ ಜೊತೆ ಸ್ವಲ್ಪ ನಡೀತೀಯಾ?" ಎಂದರು. "ಕಾಲು ಯಾಕೋ ಭಾರ. ಒಂದು ನಾಲ್ಕು ಕಡೆ ನೋಡ್ಕೊಂಡು ಬರೋದಿದೆ. ನಿನಗೂ ದಾರಿ ಗೊತ್ತಾಗುತ್ತೆ."

ಅವಳಿಗೆ ಅನಿಸಿದ್ದು ಒಂದೇ. ಫೋನಿನ ವಿಷಯ ಗೊತ್ತಾಗಿದೆ. ನಡೆಯುತ್ತ ನಡೆಯುತ್ತ ಕೇಳುತ್ತಾರೆ, ಬೆನ್ನಿಗೆ ಚೂರಿ ಹಾಕಿದೆಯಲ್ಲ ಎಂದು.

"ಅಮ್ಮನಿಗೆ ಹುಷಾರಿಲ್ಲ ಮಿಸ್ಸು," ಎಂದಳು. ಅವಳ ಅಮ್ಮ ಆ ಹೊತ್ತಿನಲ್ಲಿ ಗಟ್ಟಿಮುಟ್ಟಾಗಿ ಟೀವಿಯ ಮುಂದೆ ಕೂತಿದ್ದಳು.

"ಹಾಗಾದ್ರೆ ಹೋಗು ಹೋಗು. ಹೋಗ್ತಾ ಶುಂಠಿ ತಗೊಂಡು ಹೋಗು, ಕಷಾಯ ಮಾಡಿಕೊಡು." ದೊಡ್ಡ ಮಿಸ್ಸು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಒಂದು ಕಾಲನ್ನು ತುಸು ಎಳೆಯುತ್ತ ತಿರುವಿನಲ್ಲಿ ಮರೆಯಾದರು. ಅವರು ಏನನ್ನೂ ಕೇಳುವವರಿದ್ದ ಹಾಗೆ ಕಾಣಿಸಲಿಲ್ಲ. ಜೊತೆ ಬೇಕಿತ್ತು, ಅಷ್ಟೇ. ನಿನ್ನೆ ಮತ್ತೆ ಕರೆಯಲಿಲ್ಲ. ಒಮ್ಮೆ ಕರೆದು ಬರಲಿಲ್ಲವೆಂದರೆ ಮತ್ತೆ ಕರೆಯುವ ಜಾಯಮಾನ ಅವರದಲ್ಲ.

*

ಆಫೀಸರಮ್ಮ ಬಂದದ್ದು ಎಲ್ಲ ಮುಗಿಯುವ ಹೊತ್ತಿಗೆ. ಒಳಗೆ ಕಬ್ಬಿಣದ ಬಾಗಿಲು ಮುಚ್ಚಿಕೊಂಡಾಗಿತ್ತು. ತಮ್ಮ ಕಿಟಕಿಯ ಕಡೆ ಮುಖ ಮಾಡಿ ನಿಂತು ಅಳುತ್ತಿದ್ದ; ಅವನ ಹೆಂಡತಿಯ ಕಡೆಯವರು ಅವನನ್ನು ಮುಟ್ಟಬೇಕೋ ಬೇಡವೋ ತಿಳಿಯದೆ ಸುತ್ತ ನಿಂತಿದ್ದರು. ಕೆಲಸದವನೊಬ್ಬ ಖಾಲಿ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದ.

ಕೆಟ್ಟ ಹೆಂಗಸಲ್ಲ ಆಫೀಸರಮ್ಮ. ಒಂದು ಹೆಗಲಲ್ಲಿ ಕಡತಗಳ ಚೀಲ, ಇನ್ನೊಂದು ಕೈಯಲ್ಲಿ ಬಸ್ಸಿನ ಟಿಕೆಟ್ಟು ಇನ್ನೂ ಹಾಗೆಯೇ. ಮುಚ್ಚಿದ ಬಾಗಿಲ ಎದುರು ಒಂದು ನಿಮಿಷ ನಿಂತು, ಬಂದು ಚಿಕ್ಕ ಮಿಸ್ಸಿನ ಪಕ್ಕ ಕೂತಳು.

"ಈ ಹೊತ್ತಲ್ಲಿ ಕೇಳಬಾರದು. ಆದ್ರೆ ಸೋಮವಾರ ಸಿಳ್ಳೆ ಅನ್ನೋ ಹುಡುಗೀದು ಆರು ತಿಂಗಳು ಮುಗಿಯುತ್ತೆ. ವರದಿ ಹೋಗಬೇಕು. ಇವರು ಇಲ್ಲ ಅಂದ್ಮೇಲೆ ನೀವೇ ಸಹಿ ಹಾಕಬೇಕು. ಹಾಜರಿ ಪುಸ್ತಕ ಎಲ್ಲಿದೆ?"

ಚಿಕ್ಕ ಮಿಸ್ಸು ಕೊಟ್ಟಳು. ಆಫೀಸರಮ್ಮ ಹದಿನೇಳನೆಯ ಸಾಲಿನ ಮೇಲೆ ಬೆರಳೆಳೆದು ಪುಟ ಮಗುಚಿದಳು, ಮತ್ತೆ ಮಗುಚಿದಳು.

"ಒಂದು ದಿನಾನೂ ತಪ್ಪಿಸಿಲ್ಲ."

"ಇಲ್ಲ."

"ಮೂರು ವಾರದ ಹಿಂದೆ ನೀವು ಫೋನ್ ಮಾಡಿದ್ರಿ. ಸುಮ್ಮನೆ ತಿಳ್ಕೊಳ್ಳೋಕೆ ಅಂದ್ರಿ." ಅವಳು ಪುಸ್ತಕ ಮುಚ್ಚಲಿಲ್ಲ. "ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ನನಗೆ ಯಾರೂ ಸುಮ್ಮನೆ ತಿಳ್ಕೊಳ್ಳೋಕೆ ಫೋನ್ ಮಾಡಲ್ಲ. ಯಾವುದೋ ಒಂದು ಮಗು ಇರುತ್ತೆ. ಯಾವ ಮಗು?"

ಕುರ್ಚಿ ಪೇರಿಸುವವನು ಅವರ ಸಾಲಿನ ತುದಿಗೆ ಬಂದು ನಿಂತಿದ್ದ. ಚಿಕ್ಕ ಮಿಸ್ಸು ತನ್ನ ಕೈಗಳನ್ನು ನೋಡಿಕೊಂಡಳು. ಈಗ ಒಂದು ಮಾತು ಸಾಕು. ಸತ್ಯವನ್ನೇ ಹೇಳಿದರೆ ಆಫೀಸರಮ್ಮ ನೊಂದುಕೊಂಡೇ ಬರೆದುಕೊಳ್ಳುತ್ತಾಳೆ. ಸೋಮವಾರ ಹುಡುಗಿಯನ್ನು ಗಾಡಿ ಹತ್ತಿಸುತ್ತಾರೆ. ಹಾಸಿಗೆ ಹಿಡಿದ ಮುದುಕಿಗೆ ನೀರು ಕೊಡುವವರಿರುವುದಿಲ್ಲ.

"ಮೇಡಂ, ಆ ಹುಡುಗೀನ ದಿನಾ ನೋಡಿದೀವಿ," ಎಂದಳು.

"ನಾನು ಕೇಳಿದ್ದು ಅದಲ್ಲ. ಹಾಜರಿ ಅಂದ್ರೆ ನಾಲ್ಕರಿಂದ ಆರು, ಆ ಕೋಣೆ ಒಳಗೆ. ಬಂದಿದ್ದಾಳಾ?"

"ಬಂದಿದ್ದಾಳೆ."

ಮೂರು ದಿನದಲ್ಲಿ ಅವಳು ಹೇಳಿದ ಎರಡನೆಯ ಸುಳ್ಳು ಅದು. ಮೊದಲನೆಯದನ್ನು ಹೇಳುವಾಗ ನಾಲಿಗೆ ತೊದಲಿತ್ತು.

"ಮತ್ತೆ ಫೋನು?"

"ಅದು ನನ್ನ ತಪ್ಪು. ಮುಂದಿನ ಕೋಣೆಯ ಒಂದು ಚಿಕ್ಕ ಮಗುವಿಗೆ, ಬರದೆ ಇದ್ದ ದಿನ, ಕೈತಪ್ಪಿ ಹಾಜರಿ ಹಾಕಿಬಿಟ್ಟಿದ್ದೆ. ಒಂದು ವಾರ ಹಾಗೇ ನಡೀತು. ದೊಡ್ಡ ಮಿಸ್ಸಿಗೆ ಹೇಳೋಕೆ ಹೆದರಿಕೆ ಆಯ್ತು. ಅದಕ್ಕೆ ನಿಮ್ಮನ್ನ ಕೇಳಿದೆ."

ಆಫೀಸರಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿದಳು.

"ಇದನ್ನ ಬರೆದುಕೊಡಬೇಕಾಗುತ್ತೆ. ನಿಮ್ಮ ಕಡತಕ್ಕೆ ಸೇರುತ್ತೆ. ಇವರ ಜಾಗಕ್ಕೆ ನಿಮ್ಮನ್ನ ಹಾಕಬೇಕು ಅಂತಿದ್ದೆ. ಇದು ಸೇರಿದ್ರೆ ಕಷ್ಟ."

"ಗೊತ್ತು ಮೇಡಂ."

"ಬೇರೆ ಯಾರಾದ್ರೂ ಬರ್ತಾರೆ. ನೀವು ಅವರ ಕೈ ಕೆಳಗೆ."

"ಮುಂದಿನ ಕೋಣೆ ನನಗೆ ಅಭ್ಯಾಸ ಇದೆ."

ಪೇರಿಸದೆ ಉಳಿದಿದ್ದ ಒಂದು ಕುರ್ಚಿಯ ಮೇಲೆ ಕಾಗದವಿಟ್ಟು ಅವಳು ಎರಡು ಕಡೆ ಸಹಿ ಹಾಕಿದಳು. ಒಂದು ಸಿಳ್ಳೆಯ ವರದಿಗೆ, ಒಂದು ತನ್ನ ತಪ್ಪಿಗೆ. ಎರಡು ಸಹಿಗಳೂ ಒಂದೇ ಹಾಗೆ ಬೀಳಲಿಲ್ಲ. ಆಫೀಸರಮ್ಮ ಅದನ್ನು ನೋಡಿಯೂ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, ಹಾಜರಿ ಪುಸ್ತಕವನ್ನು ಅವಳಿಗೇ ಹಿಂದಕ್ಕೆ ಕೊಟ್ಟಳು.

*

ರಜೆಯ ದಿನ ಅಂಕಣದ ಮೇಲೆ 'ರಜೆ' ಎಂದು ಬರೆದರೆ ಸಾಕು. ಆದರೂ ಬಸ್ಸಿಳಿದವಳು ಮನೆಯ ಕಡೆಗೆ ತಿರುಗಲಿಲ್ಲ.

ಸಂಜೆ ಕೋಣೆಯ ಮೆಟ್ಟಿಲ ಮೇಲೆ ಆರು ಮಕ್ಕಳು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆರು ಗಂಟೆ ಆಗಿಹೋಗಿತ್ತು.

"ರಜೆ ಅಂತ ಬರೆದಿದ್ದೀರ. ಯಾಕೆ ಅಂತ ಬರೆದಿಲ್ಲ," ಎಂದಳು ಎರಡು ಹಲ್ಲು ಬಿದ್ದ ಹುಡುಗಿ, ತಪ್ಪು ಹಿಡಿದವಳ ಹಾಗೆ.

"ದೊಡ್ಡ ಮಿಸ್ಸು ಸತ್ತೋದ್ರಂತೆ. ಹೌದಾ?" ಎಂದ ಇನ್ನೊಬ್ಬ.

"ಹೌದು."

"ಮತ್ತೆ ನಾಳೆ?"

"ನಾಳೆ ನಾಲ್ಕು ಗಂಟೆಗೆ. ಈಗ ಮನೆಗೆ ಹೋಗಿ, ಕತ್ತಲಾಗುತ್ತೆ."

"ನೀವು ಎಲ್ಲಿಗೆ ಹೋಗ್ತೀರ ಮಿಸ್ಸು? ನಿಮ್ಮ ಮನೆ ಆ ಕಡೆ ಅಲ್ವಾ?"

"ಸ್ವಲ್ಪ ನಡೆದು ಬರ್ತೀನಿ."

ದಾರಿ ಅವಳಿಗೆ ತಿಳಿದಿರಲಿಲ್ಲ. ಯಾವ ಮನೆ ಯಾರದ್ದೆಂದು ಪುಸ್ತಕದ ಕೊನೆಯ ಪುಟ ನೋಡಿ, ಕೇಳಿ, ಎರಡು ಸಲ ತಪ್ಪು ಓಣಿ ಹೊಕ್ಕು ಹೊರಬಂದಳು. ಇಂಥ ಬೀದಿಗಳಲ್ಲಿ ಒಂಟಿಯಾಗಿ ನಡೆಯುವುದಕ್ಕೆ ಅವಳು ಯಾವಾಗಲೂ ಹೆದರುತ್ತಿದ್ದಳು. ಈಗಲೂ ಹೆದರಿಕೆಯಿತ್ತು, ಚೀಲವನ್ನು ಎದೆಗವಚಿಕೊಂಡೇ ನಡೆದಳು. ಒಬ್ಬ ಹುಡುಗ ಸೈಕಲ್ ಟೈರಿಗೆ ಗಾಳಿ ಹಾಕುತ್ತಿದ್ದ. ಒಬ್ಬಳು ಕಂಕುಳಲ್ಲಿ ತಂಗಿಯನ್ನಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಗುಂಡಿ ಅಂಗಡಿಯ ಪಕ್ಕದ ನಲ್ಲಿಯ ಹತ್ತಿರ ಅಣ್ಣ ತಮ್ಮ ಕೊಡ ತುಂಬುತ್ತ ಒಬ್ಬರಿಗೊಬ್ಬರು ನೀರು ಎರಚಿಕೊಳ್ಳುತ್ತಿದ್ದರು. ಯಾರೂ ಅವಳನ್ನು ನೋಡಲಿಲ್ಲ. ನೋಡುವುದಕ್ಕಿಂತ ನೋಡದೆ ಇರುವಂತೆ ನಿಲ್ಲುವುದೇ ಕಷ್ಟದ ಕೆಲಸವೆಂದು ಅವಳಿಗೆ ತಿಳಿಯಿತು. ಬೇಡದ ಕಡೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಬೇಕು. ಇಲ್ಲದ ವಿಳಾಸ ಹುಡುಕಬೇಕು. ಹೀಗೆ ಒಬ್ಬೊಬ್ಬರನ್ನೂ ಕಣ್ಣಾರೆ ಕಂಡ ಮೇಲೆಯೇ ದೊಡ್ಡ ಮಿಸ್ಸು ರಾತ್ರಿ ಶಾಯಿ ಹಾಕುತ್ತಿದ್ದದ್ದು, ಹತ್ತೊಂಬತ್ತು ವರ್ಷ.

ಲಾಂಡ್ರಿಯ ಎದುರು ಬಂದಾಗ ಏಳಾಗಿತ್ತು. ಕಿಟಕಿಯ ಗಾಜು ಒಳಗಿನ ಹಬೆಯಿಂದ ಅರ್ಧ ಮಂಜಾಗಿತ್ತು. ಮಂಜಿನ ಮೇಲ್ಭಾಗದಲ್ಲಿ ಸಿಳ್ಳೆಯ ತಲೆ ಕಾಣಿಸಿತು. ತುಟಿ ಗುಂಡಗಿದ್ದರೂ ಸದ್ದು ಹೊರಗೆ ಕೇಳುತ್ತಿರಲಿಲ್ಲ. ಅಥವಾ ಈ ದಿನ ಅವಳು ಸಿಳ್ಳೆ ಹಾಕುತ್ತಿರಲಿಲ್ಲವೋ ಏನೋ.

ಲಾಂಡ್ರಿಯವನು ಕಿಟಕಿಯ ಕಡೆ ನೋಡಿದ. ಹೊರಗೆ ಹೆಂಗಸೊಬ್ಬಳ ಆಕೃತಿ ಕಂಡು ಅವನು ಎದ್ದು ನಿಂತ ರೀತಿಗೆ ಚಿಕ್ಕ ಮಿಸ್ಸಿನ ಕಣ್ಣು ಕೆಳಗಾಯಿತು. ಅವನು ಬಾಗಿಲು ತೆರೆದು ಹೊರಬಂದ.

"ಓ, ನೀವಾ," ಎಂದ. ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡ. "ಅಲ್ಲಿ ಕೇಳೋಕೆ ಆಗಲಿಲ್ಲ. ಎಲ್ಲರೂ ಇದ್ರು. ಅವರು ನಿಮ್ಮ ಹತ್ತಿರ ಯಾವತ್ತಾದ್ರೂ ನನ್ನ ವಿಷಯ ಏನಾದ್ರೂ ಹೇಳಿದ್ರಾ?"

ಅವಳು ಗಾಜಿನ ಆಚೆ ನೋಡಿದಳು. ಹುಡುಗಿ ಇನ್ನೊಬ್ಬ ಕೆಲಸದವಳ ಎದುರು ನಿಂತು ದೊಡ್ಡ ಬಿಳಿಯ ಹಾಸಿಗೆ ಬಟ್ಟೆಯ ಎರಡು ಮೂಲೆ ಹಿಡಿದಿದ್ದಳು.

"ಹೆಚ್ಚು ಮಾತಾಡೋರಲ್ಲ ಅವರು," ಎಂದಳು ಚಿಕ್ಕ ಮಿಸ್ಸು. ಆಮೇಲೆ, ಒಂದೊಂದೇ ಮಾತನ್ನು ಅಳೆದು, "ಆದ್ರೆ ಏಳು ಗಂಟೆ ಹತ್ತಿರ ಬಂತು ಅಂದ್ರೆ ಅವರನ್ನ ಯಾರೂ ಹಿಡಿದು ನಿಲ್ಲಿಸೋಕೆ ಆಗ್ತಿರಲಿಲ್ಲ."

ಅವನು ತಲೆಯಾಡಿಸಿದ. ಎರಡು ಸಲ, ಮೂರು ಸಲ. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ.

ಚೀಲದೊಳಗೆ ಫೋನು ಅಲುಗಿತು. ಅಮ್ಮ. "ಎಲ್ಲಿದೀಯೇ? ಎಷ್ಟೊತ್ತಾಯ್ತು. ಅಲ್ಲಿ ಏನಾಯ್ತು, ಯಾರು ಯಾರು ಬಂದಿದ್ರು, ಆಫೀಸಿನವರು ಏನಂದ್ರು?"

ಹೇಳಬಹುದಿತ್ತು. ಅಮ್ಮನಿಗಾದರೂ. ಸಹಿ ಹಾಕಿದ್ದು, ಗುಂಡಿಯ ಜಾಡಿ, ಫೋನು ಮಾಡಿದ್ದು, ಟ್ಯಾಂಕಿನ ಹತ್ತಿರ ಒಬ್ಬರನ್ನೇ ಕಳಿಸಿದ್ದು.

"ಏನಿಲ್ಲಮ್ಮ," ಎಂದಳು. "ಮುಗೀತು. ಬರ್ತೀನಿ, ನೀನು ಊಟ ಮಾಡು."

ಗಾಜಿನ ಆಚೆ ಹುಡುಗಿ ತನ್ನ ಮೂಲೆಗಳನ್ನು ಹಿಡಿದು ಎದುರಿನವಳ ಹತ್ತಿರಕ್ಕೆ ನಡೆದಳು. ಬೆರಳಿಗೆ ಬೆರಳು ತಾಗುವಷ್ಟು ಹತ್ತಿರ ಬಂದು, ಮೂಲೆ ಕೊಟ್ಟು, ಮಡಿಕೆ ಹಿಡಿದು, ಮತ್ತೆ ಹಿಂದಕ್ಕೆ ಸರಿದಳು. ಮತ್ತೆ ಬಂದಳು. ಪ್ರತಿ ಸಲವೂ ಬಟ್ಟೆ ಅರ್ಧವಾಗುತ್ತ ಬಂದು, ಕೊನೆಗೆ ಒಬ್ಬಳೇ ಎದೆಗೆ ಒತ್ತಿ ಹಿಡಿಯುವಷ್ಟಾಯಿತು.